ವಿಕ್ಟೋರಿಯಾ ಕಾಲದ ಡಾಕ್ಟರು, ಗುಳಿಗೆ, ಜಾಹೀರಾತು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಕಾಲದ ಯಾವ ಇಂಗ್ಲಿಷ್ ಪತ್ರಿಕೆ ತೆರೆದರೂ ಗುಳಿಗೆ, ಮುಲಾಮು, ಸಿರಪ್ಪು, ಕರೆಂಟಿನ ಬೆಲ್ಟು ಇವುಗಳ ಜಾಹೀರಾತು ಕಣ್ಣಿಗೆ ಬೀಳುತ್ತವೆ. ಅವುಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಬಹುಪಾಲು ಬ್ರಿಟನ್ನಿನ ಕಥೆ. ನಮ್ಮ ಕಡೆಗೆ ನಂಟು ಇರುವಲ್ಲಿ ಅದೂ ಬರುತ್ತದೆ.

ಪೇಟೆಂಟ್ ಔಷಧಿ ಅಂದರೆ ನಿಜವಾಗಿ ಪೇಟೆಂಟ್ ಪಡೆದ ಔಷಧಿಯಾ?

ಬಹುತೇಕ ಅಲ್ಲ. ಪೇಟೆಂಟ್ ಬೇಕಾದರೆ ಒಳಗೆ ಏನೇನಿದೆ ಅಂತ ಬರೆದು ಕೊಡಬೇಕು. ಗುಟ್ಟೇ ಬಂಡವಾಳವಾಗಿರುವಾಗ ಯಾರು ಬರೆದು ಕೊಡುತ್ತಾರೆ? ಹಿಂದೆ ಕೆಲವು ಔಷಧಿಗಳಿಗೆ ರಾಜರ ಸನದು ಸಿಗುತ್ತಿತ್ತು. ಆ ಹೆಸರು ಮಾತ್ರ ಉಳಿದುಕೊಂಡಿತು.

ಈ ಡಬ್ಬಿಗಳ ಮೇಲೆ ಇರುತ್ತಿದ್ದದ್ದು ತೆರಿಗೆಯ ಸ್ಟಾಂಪು. 1783ರಿಂದಲೇ ಬ್ರಿಟಿಷ್ ಸರ್ಕಾರ ಇಂಥ ಔಷಧಿಗಳಿಗೆ ಸ್ಟಾಂಪು ತೆರಿಗೆ ಹಾಕಿತ್ತು. 1 ಶಿಲ್ಲಿಂಗಿನ (ಅಂದರೆ 12 ಪೆನ್ಸಿನ) ಡಬ್ಬಿಗೆ ಒಂದೂವರೆ ಪೆನ್ಸ್ ತೆರಿಗೆ. ಹಳೆಯ ಜಾಹೀರಾತುಗಳಲ್ಲಿ ‘1 ಶಿಲ್ಲಿಂಗ್ 1½ ಪೆನ್ಸ್’ ಎಂಬ ವಿಚಿತ್ರ ಬೆಲೆ ಎಲ್ಲೆಲ್ಲೂ ಕಾಣುವುದು ಇದೇ ಕಾರಣಕ್ಕೆ. ದೊಡ್ಡ ಡಬ್ಬಿಯ ಬೆಲೆ 2 ಶಿಲ್ಲಿಂಗ್ 9 ಪೆನ್ಸ್. ಅದರಲ್ಲಿ ಎರಡೂವರೆ ಶಿಲ್ಲಿಂಗ್ ಮಾಲಿಗೆ, 3 ಪೆನ್ಸ್ ತೆರಿಗೆಗೆ.

ಸ್ಟಾಂಪಿನ ಚೀಟಿಯನ್ನು ಮುಚ್ಚಳದ ಮೇಲೆ ಸೀಲಿನ ಹಾಗೆ ಅಂಟಿಸುತ್ತಿದ್ದರು. ಅದನ್ನು ಹರಿದರೇ ಡಬ್ಬಿ ತೆರೆಯೋದು. ಸರ್ಕಾರದ ಮುದ್ರೆ ಕಂಡವರು ಸರ್ಕಾರವೇ ಪರೀಕ್ಷೆ ಮಾಡಿ ಒಪ್ಪಿದೆ ಅಂದುಕೊಂಡರು. ತಯಾರಕರೂ ಹಾಗೆ ಅಂದುಕೊಳ್ಳಲಿ ಅಂತಲೇ, ಸ್ಟಾಂಪಿನ ಮೇಲೆ ತಮ್ಮ ಹೆಸರು ಕೆತ್ತಿದೆ ಎಂದು ಜಾಹೀರಾತಿನಲ್ಲಿ ಹೇಳಿಕೊಂಡರು. ಸರ್ಕಾರದ ಖಾತ್ರಿ ಇಲ್ಲ ಅಂತ ಆಮೇಲೆ ಸ್ಟಾಂಪಿನ ಮೇಲೆಯೇ ಅಚ್ಚು ಹಾಕಿದರು. ಆದರೆ ಅಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ?

ಜಾಹೀರಾತು ಇದ್ದಕ್ಕಿದ್ದಂತೆ ಇಷ್ಟು ಜಾಸ್ತಿ ಆಗಿದ್ದು ಯಾಕೆ?

ಪತ್ರಿಕೆ ಅಗ್ಗವಾಯಿತು. ಮೊದಲು ಪ್ರತಿ ಜಾಹೀರಾತಿಗೂ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಿತ್ತು. 1833ರಲ್ಲಿ ಅದನ್ನು ಮೂರೂವರೆ ಶಿಲ್ಲಿಂಗಿನಿಂದ ಒಂದೂವರೆ ಶಿಲ್ಲಿಂಗಿಗೆ ಇಳಿಸಿದರು, 1853ರಲ್ಲಿ ಪೂರ್ತಿ ತೆಗೆದರು. 1855ರಲ್ಲಿ ಪತ್ರಿಕೆಯ ಮೇಲಿನ ಸ್ಟಾಂಪು ತೆರಿಗೆ ಹೋಯಿತು, 1861ರಲ್ಲಿ ಕಾಗದದ ತೆರಿಗೆಯೂ ಹೋಯಿತು. ಒಂದೇ ಒಂದು ಪೆನ್ನಿ ನಾಣ್ಯಕ್ಕೆ ಪತ್ರಿಕೆ ಸಿಗುವಂತಾಯಿತು. ಓದು ಬರಹ ಬಲ್ಲವರೂ ಹೆಚ್ಚುತ್ತಿದ್ದರು. ರೈಲು ಬಂದು, ಲಂಡನ್ನಿನಲ್ಲಿ ಮಾಡಿದ ಗುಳಿಗೆ ದೇಶದ ಮೂಲೆ ಮೂಲೆಗೆ ತಲುಪಿತು.

ಪತ್ರಿಕೆಯಷ್ಟೇ ಅಲ್ಲ. ಗೋಡೆಗೆ ಪೋಸ್ಟರು, ಕುದುರೆ ಬಸ್ಸಿನ ಮೈಮೇಲೆ ಹಲಗೆ, ಎದೆಗೂ ಬೆನ್ನಿಗೂ ಬೋರ್ಡು ಕಟ್ಟಿಕೊಂಡು ಬೀದಿ ಸುತ್ತುವ ಕೂಲಿಗಳು. ಕೊನೆಗೆ ದೋಣಿಗಳ ಹಾಯಿಯನ್ನೂ ಬಿಡಲಿಲ್ಲ.

ಜನ ಇದನ್ನೆಲ್ಲ ಹೇಗೆ ನಂಬಿದರು? ಅಷ್ಟು ದಡ್ಡರಾ?

ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಆ ಕಾಲದಲ್ಲಿ ಡಾಕ್ಟರ ಹತ್ತಿರ ಹೋದರೆ ಏನು ಸಿಗುತ್ತಿತ್ತು ನೋಡಿ. ವಿಕ್ಟೋರಿಯಾ ಪಟ್ಟಕ್ಕೆ ಬಂದ ಹೊಸತರಲ್ಲಿ ಕಲಿತ ವೈದ್ಯರೂ ಜಿಗಣೆ ಬಿಟ್ಟು ರಕ್ತ ತೆಗೆಯುತ್ತಿದ್ದರು, ಪಾದರಸದಿಂದ ಮಾಡಿದ ಕ್ಯಾಲೊಮೆಲ್ ಕೊಡುತ್ತಿದ್ದರು. ರೋಗಾಣುಗಳ ವಿಷಯ ಇನ್ನೂ ಗೊತ್ತಿರಲಿಲ್ಲ. ಅದರ ಮೇಲೆ ಫೀಸು ಬೇರೆ. ಕೂಲಿ ಮಾಡುವ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಡಾಕ್ಟರನ್ನು ಕರೆಸುವುದು ಸಾಲಕ್ಕೆ ದಾರಿ. ಒಂದು ಶಿಲ್ಲಿಂಗು ಚಿಲ್ಲರೆಯ ಡಬ್ಬಿ ಮಾತ್ರ ಮೂಲೆ ಅಂಗಡಿಯಲ್ಲೇ ಸಿಗುತ್ತಿತ್ತು, ತಿಂಗಳುಗಟ್ಟಲೆ ಬರುತ್ತಿತ್ತು.

ನಾಚಿಕೆಯೂ ಇತ್ತು. ಗುಪ್ತರೋಗ, ನಿಶ್ಶಕ್ತಿ, ಮುಟ್ಟಿನ ತೊಂದರೆ ಇವನ್ನು ಊರಿನ ಡಾಕ್ಟರ ಮುಂದೆ ಹೇಳಿಕೊಳ್ಳುವುದು ಹೇಗೆ? ಅಂಚೆಯಲ್ಲಿ ಬರೆದರೆ ಯಾರಿಗೂ ತಿಳಿಯದ ಹಾಗೆ ಪೊಟ್ಟಣ ಮನೆಗೆ ಬರುತ್ತಿತ್ತು. ಜನ ದಡ್ಡರಾಗಿರಲಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ, ಅದು ಗುಳಿಗೆ ಮಾರುವವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ದೊಡ್ಡ ಹೆಸರು ಯಾರದು?

ಜೇಮ್ಸ್ ಮಾರಿಸನ್. 1825ರ ಸುಮಾರಿಗೆ ಇವನ ‘ವೆಜಿಟೆಬಲ್’ ಗುಳಿಗೆ ಮಾರುಕಟ್ಟೆಗೆ ಬಂತು. ಎಲ್ಲಾ ರೋಗಕ್ಕೂ ಕೆಟ್ಟ ರಕ್ತವೇ ಮೂಲ, ಭೇದಿಯೇ ಮದ್ದು ಅನ್ನುವುದು ಅವನ ವಾದ. ಲಂಡನ್ನಿನಲ್ಲಿ ‘ಬ್ರಿಟಿಷ್ ಕಾಲೇಜ್ ಆಫ್ ಹೆಲ್ತ್’ ಎಂಬ ಬೋರ್ಡು ಹಾಕಿದ. ಹೆಸರಿಗೆ ಕಾಲೇಜು, ಒಳಗೆ ಗುಳಿಗೆ ವ್ಯಾಪಾರ. ಡಾಕ್ಟರುಗಳೇ ಜನರನ್ನು ಕೊಲ್ಲುತ್ತಿದ್ದಾರೆ ಎಂದು ಅವನ ಕರಪತ್ರಗಳು ಸಾರುತ್ತಿದ್ದವು. ಪಾದರಸ ತಿಂದು ಹಲ್ಲು ಉದುರಿಸಿಕೊಂಡವರಿಗೆ ಆ ಮಾತು ಸರಿ ಅನ್ನಿಸದೆ ಇರುತ್ತದೆಯೇ?

ಗುಳಿಗೆಯಲ್ಲಿ ಇದ್ದದ್ದು ಕರಿಬೋಳ (ಲೋಳೆಸರದ ಜಾತಿಯ ಗಿಡದ ರಸ ಒಣಗಿಸಿದ್ದು), ಗ್ಯಾಂಬೋಜ್ ಎಂಬ ಅಂಟು, ಇಂಥ ಕಟುವಾದ ಭೇದಿ ಪದಾರ್ಥಗಳು. ಗುಣ ಕಾಣದಿದ್ದರೆ ಇನ್ನೂ ಹೆಚ್ಚು ನುಂಗಿ ಎಂಬ ಸಲಹೆ. ದಿನಕ್ಕೆ ಇಪ್ಪತ್ತು, ಮೂವತ್ತು ನುಂಗಿ ಸತ್ತವರಿದ್ದರು. 1830ರ ದಶಕದಲ್ಲಿ ಅವನ ಏಜೆಂಟರ ಮೇಲೆ ಮೊಕದ್ದಮೆಗಳಾದವು. ‘ಲ್ಯಾನ್ಸೆಟ್’ ಎಂಬ ವೈದ್ಯರ ಪತ್ರಿಕೆಯ ಸಂಪಾದಕ ಥಾಮಸ್ ವಾಕ್ಲಿ ಅವನ ವಿರುದ್ಧ ಬರೆದ. ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಹಾಲೊವೇ ಎಂಬವನು ಗುಳಿಗೆ ಮಾರಿ ಕಾಲೇಜು ಕಟ್ಟಿಸಿದ ಅಂತಾರಲ್ಲ, ನಿಜವಾ?

ನಿಜ, ಅದೂ ಹೆಣ್ಣುಮಕ್ಕಳ ಕಾಲೇಜು. ಥಾಮಸ್ ಹಾಲೊವೇ 1837ರಲ್ಲಿ ಮುಲಾಮು ಮಾರಲು ಶುರು ಮಾಡಿದ, ಬೆನ್ನಿಗೇ ಗುಳಿಗೆಯನ್ನೂ ತಂದ. ಮೊದಲಲ್ಲಿ ಜಾಹೀರಾತಿನ ಸಾಲ ತೀರಿಸಲಾಗದೆ ಸಾಲಗಾರರ ಜೈಲಿಗೂ ಹೋಗಿ ಬಂದ. ಆದರೂ ಜಾಹೀರಾತು ಬಿಡಲಿಲ್ಲ. 1842ರಲ್ಲಿ ಅದಕ್ಕೆ ಖರ್ಚು ಮಾಡಿದ್ದು 5,000 ಪೌಂಡ್, 1855ರಲ್ಲಿ 30,000. 1883ರಲ್ಲಿ ಸಾಯುವ ಹೊತ್ತಿಗೆ ವರ್ಷಕ್ಕೆ ಸುಮಾರು 50,000 ಪೌಂಡ್ ಆಗಿತ್ತು. ಬಳಸುವ ವಿಧಾನದ ಚೀಟಿಗಳನ್ನು ಚೀನಿ, ತುರ್ಕಿ, ಅರೇಬಿಕ್ ಭಾಷೆಗಳಲ್ಲೂ ಭಾರತದ ಹಲವು ಭಾಷೆಗಳಲ್ಲೂ ಅಚ್ಚು ಮಾಡಿಸಿದ.

ಇವನ ಜಾಹೀರಾತಿನ ಜೀವಾಳ ಗುಣವಾದವರ ಪತ್ರಗಳು. ಅವುಗಳಲ್ಲಿ ಹೆಸರಾದದ್ದು ಆಲ್ಡ್‌ಬರೊ ಅರ್ಲ್ ಎಂಬ ಬಿರುದಿನ ಶ್ರೀಮಂತ 1845ರ ಫೆಬ್ರವರಿಯಲ್ಲಿ ಇಟಲಿಯಿಂದ ಬರೆದದ್ದು ಎಂದು ಅಚ್ಚಾದ ಪತ್ರ. ದೊಡ್ಡ ದೊಡ್ಡ ಡಾಕ್ಟರ ಕೈಲಾಗದ ಹೊಟ್ಟೆ ಮತ್ತು ಲಿವರಿನ ತೊಂದರೆ ಗುಳಿಗೆಯಿಂದ ವಾಸಿಯಾಯಿತು ಅಂತ ಅದರಲ್ಲಿತ್ತು. ಆ ಒಂದೇ ಪತ್ರ ವರ್ಷಗಟ್ಟಲೆ ಪತ್ರಿಕೆಯಿಂದ ಪತ್ರಿಕೆಗೆ ಓಡಾಡಿತು. ಒಬ್ಬ ಶ್ರೀಮಂತನಿಗೆ ವಾಸಿಯಾದದ್ದು ನನಗೂ ಆಗಬಹುದು ಎಂಬ ಆಸೆ ಹುಟ್ಟಿಸಲು ಅಷ್ಟು ಸಾಕಿತ್ತು.

ಹಾಲೊವೇಗೆ ಮಕ್ಕಳಿರಲಿಲ್ಲ. ಗಳಿಸಿದ ಹಣದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಕಟ್ಟಿಸಿದ. ಎಗಮ್ ಊರಿನ ಹತ್ತಿರ ಕಟ್ಟಿಸಿದ ಕಾಲೇಜನ್ನು 1886ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ತೆರೆದಳು. ಇವತ್ತಿಗೂ ‘ರಾಯಲ್ ಹಾಲೊವೇ’ ಲಂಡನ್ ವಿಶ್ವವಿದ್ಯಾಲಯದ ಭಾಗ. ಕೆಂಪು ಇಟ್ಟಿಗೆಯ ಆ ಕಟ್ಟಡ ಬಹಳ ಚೆಂದ ಇದೆ. ಅದಕ್ಕೆ ದುಡ್ಡು ಕೊಟ್ಟವರು ಹುಣ್ಣಿಗೆ ಮುಲಾಮು ಹಚ್ಚಿಕೊಂಡ ಬಡವರು ಅನ್ನುವುದನ್ನೂ ಹೇಳಲೇಬೇಕು.

‘ಒಂದು ಡಬ್ಬಿ, ಒಂದು ಗಿನಿ ಬೆಲೆಬಾಳುತ್ತದೆ’ ಎಂಬ ಘೋಷಣೆ ಯಾರದು?

ಥಾಮಸ್ ಬೀಚಮ್‌ನದು. ಚಿಕ್ಕವನಿದ್ದಾಗ ಕುರಿ ಕಾಯುತ್ತಿದ್ದವನು. ಆಮೇಲೆ ಲ್ಯಾಂಕಷೈರಿನ ಸಂತೆಗಳಲ್ಲಿ ಗುಳಿಗೆ ಮಾರಿದ. 1859ರಲ್ಲಿ ಸೇಂಟ್ ಹೆಲೆನ್ಸ್ ಊರಿನ ಪತ್ರಿಕೆಯಲ್ಲಿ ಈ ಸಾಲು ಬಂತು. ಗಿನಿ ಅಂದರೆ 21 ಶಿಲ್ಲಿಂಗು. 21 ಶಿಲ್ಲಿಂಗು ಬೆಲೆಬಾಳುವ ಮಾಲು 1 ಶಿಲ್ಲಿಂಗು ಚಿಲ್ಲರೆಗೆ ಸಿಗುತ್ತದೆ ಅಂದರೆ ಯಾರಿಗೆ ಬೇಡ? ಮಗ ಜೋಸೆಫ್ ಕಾಲಕ್ಕೆ, 1890ರ ದಶಕದ ಆರಂಭದಲ್ಲಿ, ಜಾಹೀರಾತಿನ ಖರ್ಚು ವರ್ಷಕ್ಕೆ ಲಕ್ಷ ಪೌಂಡ್ ದಾಟಿತ್ತು.

1909ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಇಂಥ ಗುಟ್ಟಿನ ಔಷಧಿಗಳನ್ನು ಪರೀಕ್ಷೆ ಮಾಡಿಸಿ ‘ಸೀಕ್ರೆಟ್ ರೆಮೆಡೀಸ್’ ಎಂಬ ಪುಸ್ತಕ ತಂದಿತು. ಬೀಚಮ್ ಗುಳಿಗೆಯಲ್ಲಿ ಸಿಕ್ಕಿದ್ದು ಕರಿಬೋಳ, ಶುಂಠಿ ಪುಡಿ, ಸೋಪು. 56 ಗುಳಿಗೆಗೆ ಬೇಕಾದ ಸಾಮಾನಿನ ಖರ್ಚು ಅರ್ಧ ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಎಂಟನೇ ಒಂದು ಭಾಗ. ಡಬ್ಬಿಯ ಬೆಲೆ ಹದಿಮೂರೂವರೆ ಪೆನ್ಸ್. ಸಾಮಾನಿನ ಖರ್ಚು ಬೆಲೆಯ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಮಲಬದ್ಧತೆ ಇದ್ದವರಿಗೆ ಗುಳಿಗೆ ಕೆಲಸ ಮಾಡುತ್ತಿತ್ತು, ಸುಳ್ಳಲ್ಲ. ಆದರೆ ಜಾಹೀರಾತಿನ ಪಟ್ಟಿಯಲ್ಲಿ ತಲೆಸುತ್ತು, ಕೆಟ್ಟ ಕನಸು, ಉಬ್ಬಸ, ಹೆಂಗಸರ ತೊಂದರೆ ಎಲ್ಲಾ ಇದ್ದವು.

ಮಕ್ಕಳ ಸಿರಪ್ಪಿನಲ್ಲಿ ಅಫೀಮು ಇತ್ತಂತೆ, ಹೌದಾ?

ಹೌದು. ಈ ಇಡೀ ವಿಷಯದಲ್ಲಿ ನನಗೆ ಓದಲು ಅತಿ ಕಷ್ಟವಾಗುವುದು ಇದೇ. ‘ಗಾಡ್‌ಫ್ರೀಸ್ ಕಾರ್ಡಿಯಲ್’ ಅಂದರೆ ಸಿಹಿ ಪಾಕದಲ್ಲಿ ಬೆರೆಸಿದ ಅಫೀಮು. ಗಿರಣಿಗೆ ಹೋಗುವ ತಾಯಂದಿರು ಮಗು ಅಳದೆ ಮಲಗಲಿ ಅಂತ ಕೊಡುತ್ತಿದ್ದರು, ಕೂಸು ನೋಡಿಕೊಳ್ಳುವ ಹೆಂಗಸರೂ ಕೊಡುತ್ತಿದ್ದರು. ಅಮೆರಿಕದಿಂದ ಬಂದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ನಲ್ಲಿ ಮಾರ್ಫಿನ್ ಇತ್ತು. ಅದರ ಜಾಹೀರಾತು ನೋಡಿದರೆ ಎದೆ ಝಲ್ಲೆನ್ನುತ್ತದೆ: ನಗುಮುಖದ ತಾಯಿ, ಗುಂಡು ಗುಂಡಾದ ಕೂಸು, ಹಲ್ಲು ಬರುವಾಗಿನ ನೋವಿಗೆ ಸಿಹಿ ಮದ್ದು. ಮಾರ್ಫಿನ್ ಎಂಬ ಪದ ಎಲ್ಲೂ ಇಲ್ಲ. ನಿದ್ದೆಯಲ್ಲೇ ಉಸಿರು ನಿಂತ ಕೂಸುಗಳಿದ್ದವು. ಮತ್ತಿನಲ್ಲೇ ಇದ್ದು, ಹಾಲು ಕುಡಿಯದೆ ಸೊರಗಿ ಸತ್ತವೂ ಇದ್ದವು.

1868ರ ಫಾರ್ಮಸಿ ಕಾಯಿದೆ ಅಫೀಮಿನ ಮಾರಾಟಕ್ಕೆ ಅಂಕುಶ ಹಾಕಿತು. ಆದರೆ ಪೇಟೆಂಟ್ ಔಷಧಿಗಳಿಗೆ ವಿನಾಯಿತಿ ಕೊಟ್ಟಿತು. ಬಿಡಿ ಅಫೀಮಿಗೆ ‘ವಿಷ’ ಎಂಬ ಚೀಟಿ, ಬಾಟಲಿಯಲ್ಲಿದ್ದ ಅದೇ ಅಫೀಮಿಗೆ ಏನೂ ಇಲ್ಲ.

ಕ್ಲೋರೊಡೈನ್ ಎಂಬ ಔಷಧಿ ಭಾರತದಲ್ಲಿ ಹುಟ್ಟಿದ್ದಾ?

ಭಾರತದಲ್ಲಿದ್ದ ಸೈನ್ಯದ ವೈದ್ಯ ಜಾನ್ ಕಾಲಿಸ್ ಬ್ರೌನ್ 1848ರಲ್ಲಿ ಕಾಲರಾಕ್ಕೆಂದು ಇದನ್ನು ತಯಾರಿಸಿದ. 1856ರಲ್ಲಿ ಜೆ.ಟಿ. ಡೇವನ್‌ಪೋರ್ಟ್ ಎಂಬ ಲಂಡನ್ ಔಷಧಿ ವ್ಯಾಪಾರಿಗೆ ಹಕ್ಕು ಮಾರಿದ. ಒಳಗೆ ಅಫೀಮಿನ ಸಾರ, ಗಾಂಜಾ, ಕ್ಲೋರೊಫಾರ್ಮ್. ನೋವು, ಭೇದಿ, ಕೆಮ್ಮು ಇವನ್ನು ಅದು ತಡೆಯುತ್ತಿತ್ತು. ಚಟವನ್ನೂ ಹಚ್ಚುತ್ತಿತ್ತು.

ಫ್ರೀಮನ್ ಎಂಬ ಇನ್ನೊಬ್ಬ ತಾನೇ ಇದನ್ನು ಕಂಡುಹಿಡಿದೆ ಅಂದ. ವಿಷಯ ಕೋರ್ಟಿಗೆ ಹೋಯಿತು. 1864ರಲ್ಲಿ ವೈಸ್ ಚಾನ್ಸಲರ್ ಎಂಬ ಪದವಿಯ ನ್ಯಾಯಾಧೀಶ ಪೇಜ್ ವುಡ್, ಬ್ರೌನನೇ ಮೂಲ ಕರ್ತೃ, ಫ್ರೀಮನ್ ಹೇಳಿದ್ದು ಬೇಕೆಂದೇ ಹೇಳಿದ ಸುಳ್ಳು ಅಂದರು. ಆಮೇಲೆ ಆದದ್ದು ನೋಡಿ: ಆ ಮಾತನ್ನೇ ದಶಕಗಳ ಕಾಲ ಪ್ರತಿ ಜಾಹೀರಾತಿನಲ್ಲೂ ಹಾಕಿದರು. ಕಂಡುಹಿಡಿದವನು ಯಾರು ಅಂತಷ್ಟೇ ಕೋರ್ಟು ಹೇಳಿತ್ತು. ಓದುಗರಿಗೆ ಅದು ಔಷಧಿಗೇ ಕೋರ್ಟು ಕೊಟ್ಟ ಸರ್ಟಿಫಿಕೇಟಿನ ಹಾಗೆ ಕಂಡಿತು. ಬಾಟಲಿಯ ಮೇಲೆ ‘ವಿಷ’ ಎಂದು ಬರೆಯುವಂತೆ ಆದದ್ದು 1892ರ ಮೊಕದ್ದಮೆಯ ನಂತರ.

ಕಾನೂನು ವಿದ್ಯಾರ್ಥಿಗಳು ಓದುವ ಸ್ಮೋಕ್ ಬಾಲ್ ಕೇಸು ಇದೇ ಕಾಲದ್ದಾ?

ಇದೇ ಕಾಲದ್ದು. ಲಾ ಓದಿದವರಿಗೆ ಕಾರ್ಲಿಲ್ ಕೇಸು ಗೊತ್ತು. ಅದರ ಹಿಂದಿನ ರೋಗದ ಕಥೆ ಮಾತ್ರ ಹೆಚ್ಚಿನವರು ಕೇಳಿರುವುದಿಲ್ಲ.

1889ರಿಂದ ‘ರಷ್ಯನ್ ಫ್ಲೂ’ ಅಲೆ ಅಲೆಯಾಗಿ ಬಂದು ಜನ ಹೆದರಿದ್ದರು. ಆ ಹೊತ್ತಿಗೆ ಬಂದದ್ದು ಕಾರ್ಬಾಲಿಕ್ ಸ್ಮೋಕ್ ಬಾಲ್. ಒಂದು ರಬ್ಬರ್ ಚೆಂಡು, ಒಳಗೆ ಕಾರ್ಬಾಲಿಕ್ ಆಸಿಡ್ಡಿನ ಪುಡಿ, ಮೇಲೆ ಒಂದು ಕೊಳವೆ. ಕೊಳವೆಯನ್ನು ಮೂಗಿಗೆ ಇಟ್ಟು ಚೆಂಡು ಒತ್ತಿದರೆ ಪುಡಿ ಹೊಗೆಯಂತೆ ಒಳಗೆ ಹೋಗುತ್ತದೆ, ಮೂಗು ಸುರಿಯುತ್ತದೆ. ಬೆಲೆ 10 ಶಿಲ್ಲಿಂಗು, ಬಡವರ ಮಾಲಲ್ಲ.

1891ರ ನವೆಂಬರ್ 13ರ ‘ಪಾಲ್ ಮಾಲ್ ಗೆಜೆಟ್’ನಲ್ಲಿ ಕಂಪನಿಯ ಜಾಹೀರಾತು: ದಿನಕ್ಕೆ ಮೂರು ಸಲ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆನ್ಸ ಬಂದರೆ 100 ಪೌಂಡ್ ಬಹುಮಾನ. ಮಾತಿಗೆ ಸಾಕ್ಷಿಯಾಗಿ ರೀಜೆಂಟ್ ಸ್ಟ್ರೀಟಿನ ಅಲಯನ್ಸ್ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಅಂತಲೂ ಬರೆದಿದ್ದರು. ಲೂಯಿಸಾ ಕಾರ್ಲಿಲ್ ಎಂಬ ಹೆಂಗಸು ನವೆಂಬರ್ 20ರಂದು ಕೊಂಡು, ಹೇಳಿದ ಹಾಗೆಯೇ ಬಳಸಿದರು. 1892ರ ಜನವರಿ 17ಕ್ಕೆ ಅವರಿಗೆ ಇನ್‌ಫ್ಲುಯೆನ್ಸ ಬಂತು. ಗಂಡ ಸಾಲಿಸಿಟರ್. ಅವರು ಬರೆದ ಪತ್ರಗಳಿಗೆ ಕಂಪನಿ ಸರಿಯಾಗಿ ಉತ್ತರ ಕೊಡಲಿಲ್ಲ.

ಕೋರ್ಟಿನಲ್ಲಿ ಕಂಪನಿಯ ವಾದ ಏನು ಗೊತ್ತಾ? ಅದು ಸುಮ್ನೆ ಬರೆದ ಬಣ್ಣದ ಮಾತು, ಯಾರೂ ಗಂಭೀರವಾಗಿ ತೆಗೆದುಕೊಳ್ಳಬಾರದು ಅಂತ. ನ್ಯಾಯಮೂರ್ತಿಗಳಾದ ಲಿಂಡ್ಲಿ, ಬೋವೆನ್, ಎ.ಎಲ್. ಸ್ಮಿತ್ ಒಪ್ಪಲಿಲ್ಲ. ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದೇವೆ ಅಂದ ಮೇಲೆ ಅದು ಬರೀ ಬಣ್ಣದ ಮಾತಾಗಿ ಉಳಿಯುವುದಿಲ್ಲ ಅಂದರು. 1892ರ ಡಿಸೆಂಬರಿನಲ್ಲಿ ಕಾರ್ಲಿಲ್ ಗೆದ್ದರು. ಜಾಹೀರಾತಿನಲ್ಲಿ ಕೊಟ್ಟ ಮಾತಿಗೂ ಬೆಲೆ ಇದೆ ಎಂದು ಒಬ್ಬ ಸಾಮಾನ್ಯ ಗಿರಾಕಿ ಸಾಬೀತು ಮಾಡಿದ ಈ ಘಟನೆ ನನಗೆ ಬಹಳ ಇಷ್ಟ. ಭಾರತದ ಕರಾರು ಕಾಯಿದೆಯ 8ನೇ ಕಲಂ ಪಾಠ ಮಾಡುವಾಗ ನಮ್ಮ ಕಾನೂನು ಕಾಲೇಜುಗಳಲ್ಲೂ ಇದೇ ಉದಾಹರಣೆ ಬರುತ್ತದೆ. ಕಂಪನಿ ಆಮೇಲೆ ಬಹುಮಾನವನ್ನು 200 ಪೌಂಡಿಗೆ ಏರಿಸಿತು. ಈ ಸಲ ಷರತ್ತುಗಳನ್ನೂ ಸೇರಿಸಿತು. ಕಾರ್ಲಿಲ್ 96 ವರ್ಷ ಬದುಕಿ 1942ರಲ್ಲಿ ತೀರಿಕೊಂಡರು. ಡಾಕ್ಟರು ಬರೆದ ಕಾರಣ ಮುಖ್ಯವಾಗಿ ವಯಸ್ಸು, ಅದರ ಜೊತೆಗೆ ಇನ್‌ಫ್ಲುಯೆನ್ಸ.

ಕರೆಂಟಿನ ಬೆಲ್ಟಿನಲ್ಲಿ ಕರೆಂಟು ಇತ್ತಾ?

ಹೇಳಿಕೊಳ್ಳುವಷ್ಟು ಇರಲಿಲ್ಲ. ಸಿ.ಬಿ. ಹಾರ್ನೆಸ್ ಎಂಬವನ ಮೆಡಿಕಲ್ ಬ್ಯಾಟರಿ ಕಂಪನಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿತ್ತು. ರೋಗ ವಾಸಿಗೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಅವನ ಬೆಲ್ಟಿನ ಜಾಹೀರಾತು ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತಿತ್ತು. ಒಳಗೆ ತಾಮ್ರ, ಸತುವಿನ ತುಂಡುಗಳು. ಕರೆಂಟು ಆಗ ಹೊಸದು, ಯಾರಿಗೂ ಪೂರ್ತಿ ಅರ್ಥವಾಗದ್ದು. ಅದರ ಹೆಸರಿನಲ್ಲಿ ಏನು ಹೇಳಿದರೂ ನಡೆಯುತ್ತಿತ್ತು. ವಿದ್ಯುತ್ ತಜ್ಞರ ಪತ್ರಿಕೆಯೇ ಬಯಲಿಗೆಳೆದ ಮೇಲೆ 1890ರ ದಶಕದ ಆರಂಭದಲ್ಲಿ ಕಂಪನಿ ಕುಸಿಯಿತು.

ಪತ್ರ ಬರೆದು ಔಷಧಿ ತರಿಸಿಕೊಂಡ ಹೆಂಗಸರಿಗೆ ಬ್ಲ್ಯಾಕ್‌ಮೇಲ್ ಮಾಡಿದ್ದು ಯಾರು?

ಕ್ರೈಮ್ಸ್ ಎಂಬ ಮೂವರು ಅಣ್ಣತಮ್ಮಂದಿರು. ‘ತಡೆ ನಿವಾರಿಸುವ’ ಗುಳಿಗೆ ಅಂತ ಜಾಹೀರಾತು ಬಂದರೆ ಅರ್ಥ ಹೆಂಗಸರಿಗೆ ಗೊತ್ತಿತ್ತು: ಗರ್ಭ ಇಳಿಸುವ ಮದ್ದು. ಹಾಗಂತ ಬಾಯಿಬಿಟ್ಟು ಹೇಳಿದರೆ ಅಪರಾಧ. ಈ ಮೂವರು ಅಂಥ ಗುಳಿಗೆ ಮಾರಿ ಸಾವಿರಾರು ಹೆಂಗಸರ ವಿಳಾಸ ಕೂಡಿಹಾಕಿದರು. 1898ರಲ್ಲಿ ಅದೇ ವಿಳಾಸಗಳಿಗೆ ಅಧಿಕಾರಿಯ ಸೋಗಿನಲ್ಲಿ ಪತ್ರ ಬರೆದರು: ನೀವು ಮಾಡಿದ್ದು ಅಪರಾಧ, ಎರಡು ಗಿನಿ ಕಳಿಸದಿದ್ದರೆ ಕೇಸು. ಹೆದರಿ ಎಷ್ಟೋ ಮಂದಿ ಹಣ ಕಳಿಸಿದರು. ಒಬ್ಬಾಕೆಯ ಗಂಡ ಆ ಪತ್ರ ಹಿಡಿದುಕೊಂಡು ಪೊಲೀಸರ ಹತ್ತಿರ ಹೋಗಿದ್ದರಿಂದ ಸಿಕ್ಕಿಬಿದ್ದರು, ಮೂವರಿಗೂ ಕಠಿಣ ಶಿಕ್ಷೆಯಾಯಿತು. ಆ ಹೆಂಗಸರಿಗೆ ಧೈರ್ಯವಾಗಿ ಹೋಗಿ ಕೇಳಲು ಒಬ್ಬ ಡಾಕ್ಟರೂ ಇರಲಿಲ್ಲವಲ್ಲ ಅನ್ನುವುದೇ ನನಗೆ ಸಂಕಟ.

ಡಾಕ್ಟರುಗಳೂ ಜಾಹೀರಾತು ಕೊಡುತ್ತಿದ್ದರಾ?

ಕೊಡಬಾರದು ಎಂಬ ನಿಯಮ ಗಟ್ಟಿಯಾದದ್ದೇ ಈ ಕಾಲದಲ್ಲಿ. 1858ರ ಮೆಡಿಕಲ್ ಕಾಯಿದೆಯಿಂದ ಜನರಲ್ ಮೆಡಿಕಲ್ ಕೌನ್ಸಿಲ್ ಬಂತು, ವೈದ್ಯರ ಅಧಿಕೃತ ಪಟ್ಟಿ ಬಂತು. ವೃತ್ತಿಗೆ ಕಳಂಕ ತರುವ ನಡತೆಗೆ ಪಟ್ಟಿಯಿಂದ ಹೆಸರು ತೆಗೆಯಬಹುದಿತ್ತು. ಗಿರಾಕಿ ಹಿಡಿಯಲು ಜಾಹೀರಾತು ಕೊಡುವುದನ್ನೂ ಕ್ರಮೇಣ ಅಂಥ ನಡತೆಯೆಂದೇ ಎಣಿಸಿದರು. ಬಾಗಿಲಲ್ಲಿ ಹಿತ್ತಾಳೆ ಫಲಕ, ರಾತ್ರಿ ಗುರುತಿಗೆ ಕೆಂಪು ದೀಪ, ಇಷ್ಟರಲ್ಲೇ ಡಾಕ್ಟರು ಹೆಸರು ಮಾಡಬೇಕು.

ಆದರೆ ಈ ಕಾಯಿದೆ ಪಟ್ಟಿಯಲ್ಲಿ ಇಲ್ಲದವರನ್ನು ತಡೆಯಲೇ ಇಲ್ಲ. ನಾನು ನೋಂದಾಯಿತ ವೈದ್ಯ ಅಂತ ಸುಳ್ಳು ಹೇಳದಿದ್ದರೆ ಯಾರು ಬೇಕಾದರೂ ಚಿಕಿತ್ಸೆ ಕೊಡಬಹುದಿತ್ತು. ಹೀಗಾಗಿ ಓದಿದವರು ಸುಮ್ಮನಿರಬೇಕು, ಓದದವರು ಕೂಗಬಹುದು ಎಂಬ ಪರಿಸ್ಥಿತಿ. ಜನರ ಕಿವಿಗೆ ಬಿದ್ದದ್ದು ಕೂಗಿದವರ ಮಾತೇ.

ಡಾಕ್ಟರುಗಳೆಲ್ಲ ಶುದ್ಧ ಅಂತಲೂ ಅಲ್ಲ. ಹೆಸರಾಂತ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ ಮಾತು ಪಿಯರ್ಸ್ ಸೋಪಿನ ಜಾಹೀರಾತಿನಲ್ಲಿ ರಾರಾಜಿಸಿತು. ಕ್ಲೋರೊಡೈನಿಗೆ ಹೆಸರು ಕೊಟ್ಟವನೂ ಕಲಿತ ವೈದ್ಯನೇ.

ಪತ್ರಿಕೆಗಳು ಯಾಕೆ ಸುಮ್ಮನಿದ್ದವು?

ಉಣ್ಣುವ ಅನ್ನ ಅಲ್ಲಿಂದ ಬರುತ್ತಿತ್ತು, ಅದಕ್ಕೆ. ನನ್ನ ಪ್ರಕಾರ ಇಡೀ ಕಥೆಯ ಬೇರು ಇಲ್ಲಿದೆ. 1909ರ ಆ ಪರೀಕ್ಷೆಯ ಪುಸ್ತಕದ ಜಾಹೀರಾತನ್ನು ಹಾಕಲು ಅನೇಕ ಪತ್ರಿಕೆಗಳು ಒಪ್ಪಲಿಲ್ಲ. ಅಮೆರಿಕದಲ್ಲಂತೂ ಔಷಧಿ ಕಂಪನಿಗಳು ಕರಾರಿನಲ್ಲೇ ಒಂದು ಸಾಲು ಸೇರಿಸುತ್ತಿದ್ದವು: ರಾಜ್ಯದಲ್ಲಿ ನಮ್ಮ ವಿರುದ್ಧ ಕಾನೂನು ಬಂದರೆ ಜಾಹೀರಾತಿನ ಕರಾರು ರದ್ದು. ಅಂದರೆ ಕಾನೂನು ಬಾರದ ಹಾಗೆ ನೋಡಿಕೊಳ್ಳುವುದು ಸಂಪಾದಕರ ಕೆಲಸವಾಯಿತು. 1905ರಲ್ಲಿ ಅಲ್ಲಿನ ‘ಕಾಲಿಯರ್ಸ್’ ವಾರಪತ್ರಿಕೆ ಧೈರ್ಯ ಮಾಡಿ ಲೇಖನಮಾಲೆ ಹಾಕಿತು. ಮರುವರ್ಷವೇ ಅಮೆರಿಕದಲ್ಲಿ ಆಹಾರ ಮತ್ತು ಔಷಧಿ ಕಾಯಿದೆ ಬಂತು, ಅಫೀಮು ಇದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕಾಯಿತು.

ಬ್ರಿಟನ್ನಿನಲ್ಲಿ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಅದರ ವರದಿ ಬಂದದ್ದು 1914ರ ಆಗಸ್ಟ್ 4ರಂದು, ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ. ವರದಿ ಮೂಲೆಗೆ ಬಿತ್ತು. ಗುಪ್ತರೋಗದ ಜಾಹೀರಾತಿಗೆ 1917ರಲ್ಲಿ, ಕ್ಯಾನ್ಸರ್ ಜಾಹೀರಾತಿಗೆ 1939ರಲ್ಲಿ ತಡೆ ಬಂತು. ಒಳಗೆ ಏನಿದೆ ಅಂತ ಡಬ್ಬಿಯ ಮೇಲೆ ಬರೆಯಬೇಕು ಎಂಬ ನಿಯಮಕ್ಕೆ 1941ರವರೆಗೆ ಕಾಯಬೇಕಾಯಿತು.

ಒಂದಾದರೂ ಕೆಲಸ ಮಾಡುವ ಔಷಧಿ ಇತ್ತಾ?

ಇದ್ದವು. ‘ಡಾ. ವಿಲಿಯಮ್ಸ್ ಪಿಂಕ್ ಪಿಲ್ಸ್’ನಲ್ಲಿ ಕಬ್ಬಿಣದ ಅಂಶ ಇತ್ತು. ರಕ್ತಹೀನತೆಯಿಂದ ಬಿಳಿಚಿಕೊಂಡ ಹುಡುಗಿಯರಿಗೆ ಅದರಿಂದ ಉಪಯೋಗ ಆಗಿರಲೇಬೇಕು. ಆದರೆ ಪಾರ್ಶ್ವವಾಯು ವಾಸಿಯಾಗುತ್ತದೆ ಅಂತಲೂ ಅದೇ ಜಾಹೀರಾತು ಹೇಳುತ್ತಿತ್ತು, ಅದೂ ಸುದ್ದಿಯ ವೇಷದಲ್ಲಿ.

ನಮ್ಮ ಮನೆಗಳಲ್ಲಿ ಆ ಕಾಲದ್ದು ಏನಾದರೂ ಉಳಿದಿದೆಯಾ?

ಬೇಕಾದಷ್ಟು. ಗ್ರೈಪ್ ವಾಟರ್ ಅನ್ನು 1851ರಲ್ಲಿ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ತಯಾರಿಸಿದ. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ಜೊತೆಗೆ ಆಗ ಸ್ವಲ್ಪ ಆಲ್ಕೋಹಾಲೂ ಇತ್ತು. ಈನೋ ನ್ಯೂಕ್ಯಾಸಲ್ ಬಂದರಿನ ಔಷಧಿ ವ್ಯಾಪಾರಿ ಜೇಮ್ಸ್ ಕ್ರಾಸ್ಲಿ ಈನೋ ಹೆಸರಿನದು. ಇವತ್ತು ಹೊಟ್ಟೆಯುರಿಗೆ ಕುಡಿಯುವ ಅದನ್ನು ಆಗ ಜ್ವರ ತಡೆಯುತ್ತದೆ ಅಂತಲೂ ಮಾರಿದರು. ಅಮೃತಾಂಜನ ನಮ್ಮದೇ. 1893ರಲ್ಲಿ ಮುಂಬೈಯಲ್ಲಿ ಕಾಶೀನಾಥುನಿ ನಾಗೇಶ್ವರ ರಾವ್ ಶುರು ಮಾಡಿದ್ದು. ಸಂಗೀತ ಕಚೇರಿಗಳಲ್ಲಿ ಪುಕ್ಕಟೆ ಹಂಚಿ ಹೆಸರು ಮಾಡಿದರು.

ಭಾರತದಲ್ಲಿ ಈಗ ಕಾನೂನು ಏನು ಹೇಳುತ್ತದೆ?

1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ ಇದೆ. ಗರ್ಭಪಾತ, ಲೈಂಗಿಕ ಶಕ್ತಿ, ಮುಟ್ಟಿನ ದೋಷ, ಮತ್ತು ಪಟ್ಟಿಯಲ್ಲಿರುವ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವಂತಿಲ್ಲ. 2002ರ ವೈದ್ಯರ ನೀತಿ ನಿಯಮಗಳ ಪ್ರಕಾರ ಡಾಕ್ಟರು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವುದು ತಪ್ಪು. ಕ್ಲಿನಿಕ್ ಶುರು ಮಾಡಿದ್ದು, ವಿಳಾಸ ಬದಲಾದದ್ದು, ಇಂಥದ್ದನ್ನು ಪತ್ರಿಕೆಯಲ್ಲಿ ತಿಳಿಸಬಹುದು. ಬಸ್ ಸ್ಟ್ಯಾಂಡಿನ ಗೋಡೆ, ಮೊಬೈಲಿನ ವಿಡಿಯೊ ನೋಡಿದರೆ ಕಾಯಿದೆ ಎಷ್ಟು ಜಾರಿಯಾಗಿದೆ ಅಂತ ತಿಳಿಯುತ್ತದೆ ಅಲ್ವಾ? ಕಣ್ಣಿಗೆ ಬಿದ್ದರೆ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ, ಜಾಹೀರಾತಿನ ಫೋಟೊ ಜೊತೆಗಿರಲಿ.

ಹಳೆಯ ಜಾಹೀರಾತುಗಳನ್ನು ಎಲ್ಲಿ ನೋಡಬಹುದು?

ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ಸಾವಿರಾರು ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ಬ್ರಿಟಿಷ್ ಲೈಬ್ರರಿಯಲ್ಲಿ ಎವೇನಿಯನ್ ಎಂಬ ಜಾದೂಗಾರ ಕೂಡಿಟ್ಟಿದ್ದ ಪೋಸ್ಟರು, ಕರಪತ್ರಗಳಿವೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿ ಜಾನ್ ಜಾನ್ಸನ್ ಸಂಗ್ರಹವಿದೆ. ಮೊದಲ ಸಲ ನೋಡುವವರು ದೊಡ್ಡ ಅಕ್ಷರದ ಸಾಲು ಬಿಟ್ಟು, ಕೆಳಗಿನ ಸಣ್ಣ ಅಕ್ಷರದ ರೋಗಗಳ ಪಟ್ಟಿಯಿಂದ ಶುರು ಮಾಡಿ. ಯಾವ ಊರಿನ, ಯಾವ ಕೆಲಸದ ಜನರನ್ನು ಗುರಿಯಾಗಿಟ್ಟು ಬರೆದದ್ದು ಅಂತ ಅಲ್ಲೇ ಗೊತ್ತಾಗುತ್ತದೆ.